‘ಮಾಡಬಾರದು ಅಂತ ಎಲ್ಲಿ ಬರೆದಿದೆ?’

ಕುಂಬಳೆಯ ಹತ್ತಿರ ಇರುವ ನನ್ನ ವರ್ಕ್‌ಶಾಪಿಗೆ ರಿಮೋಟಿನ ಮಾಡೆಲ್ ಹಾಯಿದೋಣಿಗಳು ಬರುವುದು ಎರಡು ಕಾರಣಕ್ಕೆ. ಒಂದು ರಿಪೇರಿ, ಇನ್ನೊಂದು ಅಳತೆ, ಅಂದರೆ ದೋಣಿ ಅದರ ಕ್ಲಾಸಿನ ನಿಯಮಕ್ಕೆ ಸರಿಯಾಗಿದೆಯೋ ಅಂತ ನೋಡುವುದು. ಕ್ಲಾಸ್ ಅಂದರೆ ಒಂದೇ ನಿಯಮಕ್ಕೆ ಕಟ್ಟಿ ಒಟ್ಟಿಗೆ ಓಡಿಸುವ ದೋಣಿಗಳ ಗುಂಪು. ರಿಪೇರಿಗೆ ಬಂದವರ ಜೊತೆ ಜಗಳ ಇಲ್ಲ. ಅಳತೆಗೆ ಬಂದವರ ಜೊತೆ ಚಹಾ ತಣ್ಣಗಾಗುವ ತನಕ ವಾದ. ಅದು ಹೆಚ್ಚಾಗಿ ಶುರುವಾಗುವುದೂ ಒಂದೇ ಮಾತಿನಿಂದ: “ಮಾಡಬಾರದು ಅಂತ ಎಲ್ಲಿ ಬರೆದಿದೆ, ತೋರಿಸಿ ನೋಡುವ.”

ದೋಣಿ ಐಒಎಂ ಆಗಿದ್ದರೆ ಈ ಪ್ರಶ್ನೆಯೇ ತಲೆಕೆಳಗು. ಐಒಎಂ ಅಂದರೆ ಇಂಟರ್‌ನ್ಯಾಷನಲ್ ಒನ್ ಮೀಟರ್. 1988ರಲ್ಲಿ ಶುರುವಾದ ಈ ಕ್ಲಾಸಿನ ದೋಣಿಗಳು ಇವತ್ತು ಜಗತ್ತಿನ ಎಷ್ಟೋ ಕೆರೆಗಳಲ್ಲಿ ಓಡುತ್ತವೆ. ಇದರ ನಿಯಮ ‘ಕ್ಲೋಸ್ಡ್’ ಜಾತಿಯದು. ಮಾಡಬಹುದು ಅಂತ ಬರೆದದ್ದನ್ನು ಮಾತ್ರ ಮಾಡಬಹುದು, ಉಳಿದದ್ದೆಲ್ಲ ನಿಷೇಧ. ‘ಓಪನ್’ ನಿಯಮ ಇದಕ್ಕೆ ಉಲ್ಟಾ. ಬೇಡ ಅಂತ ಬರೆದದ್ದು ಬೇಡ, ಉಳಿದದ್ದು ನಿಮ್ಮ ಇಷ್ಟ. ವೈದ್ಯರು ಹೇಳುವ ಪಥ್ಯದಲ್ಲೂ ಹೀಗೆ ಎರಡು ಬಗೆ ಇದೆಯಲ್ವಾ? ‘ಹುಳಿ, ಖಾರ ಮುಟ್ಟಬೇಡಿ’ ಅಂದರೆ ಹಲಸಿನ ಹಪ್ಪಳ ತಿನ್ನಬಹುದೇನೋ ಅಂತ ಯೋಚಿಸಬಹುದು. ‘ಗಂಜಿ ಮಾತ್ರ’ ಅಂದ ಮೇಲೆ ಹಪ್ಪಳದ ಮಾತೇ ಇಲ್ಲ.

ಆದ್ದರಿಂದ ಯಾವ ಕ್ಲಾಸಿನ ಪುಸ್ತಕ ಕೈಗೆ ಬಂದರೂ ನಾನು ಮೊದಲು ನೋಡುವುದು ಅಳತೆಯ ಪಟ್ಟಿಯನ್ನಲ್ಲ, ಆರಂಭದ ಪುಟವನ್ನು. ಅದನ್ನು ಯಾರೂ ಓದುವುದಿಲ್ಲ. ಸೀದಾ ಹಾಯಿಯ ಅಳತೆಗೆ ಹಾರುತ್ತಾರೆ.

ಉಪ್ಪಳದ ಕಡೆಯ ಒಬ್ಬ ಹುಡುಗನ ದೋಣಿ ನೋಡಿ. ಕೈಕೆಲಸ ಚೆನ್ನಾಗಿತ್ತು. ಗಾಳಿ ಜೋರಾದಾಗ ಮಾಸ್ಟ್ (ಹಾಯಿಕಂಬ) ಕೂರುವ ಜಾಗದಲ್ಲಿ ಡೆಕ್ (ದೋಣಿಯ ಮೇಲ್ಹಾಸು) ಬಾಗುತ್ತದೆ ಅಂತ ಒಳಗಿನಿಂದ ತೆಳುವಾದ ಕಾರ್ಬನ್ ಪಟ್ಟಿ ಅಂಟಿಸಿದ್ದ. ಬೆರಳಗಲದ ಪಟ್ಟಿ ಅದು, ಟಾರ್ಚ್ ಹಾಕಿ ಬಗ್ಗಿ ನೋಡಿದರೆ ಮಾತ್ರ ಕಾಣುತ್ತಿತ್ತು. “ಅಣ್ಣಾ, ಕೀಲ್ ಫಿನ್ ಇಡೀ ಕಾರ್ಬನ್ನಿಂದು. ಅದು ಆಗ್ತದೆ, ಈ ಸಣ್ಣ ಪಟ್ಟಿ ಆಗುದಿಲ್ವಾ?” ಅಂತ ಕೇಳಿದ. ಫಿನ್ ಅಂದರೆ ದೋಣಿಯ ತಳದಿಂದ ನೀರಿಗೆ ಇಳಿಯುವ ರೆಕ್ಕೆ, ಹಲ್ ಅಂದರೆ ದೋಣಿಯ ಒಡಲು. ನ್ಯಾಯವಾದ ಪ್ರಶ್ನೆಯೇ. ಆದರೆ ಫಿನ್‌ಗೆ ಕಾರ್ಬನ್ ಆಗುತ್ತದೆ ಅನ್ನುವುದು ಫಿನ್‌ನ ಅಧ್ಯಾಯದ ಮಾತು. ಹಲ್‌ನ ಅಧ್ಯಾಯದಲ್ಲಿ ಯಾವ ವಸ್ತು ಬಳಸಬಹುದು ಅಂತ ಬೇರೆಯೇ ಪಟ್ಟಿ ಇದೆ. ಗ್ಲಾಸ್ ಫೈಬರ್ ಇದೆ, ಮರ ಇದೆ, ಕಾರ್ಬನ್ ಇಲ್ಲ. ಇಲ್ಲ ಅಂದ ಮೇಲೆ ಬೆರಳಗಲವೂ ಇಲ್ಲ. ‘ಹೇಗೂ ವೇಗ ಜಾಸ್ತಿ ಆಗುವುದಿಲ್ಲ’ ಅನ್ನುವುದಕ್ಕೂ ಇಲ್ಲಿ ಬೆಲೆ ಇಲ್ಲ. ವೇಗದ ಲೆಕ್ಕ ಹಾಕು ಅಂತ ನಿಯಮ ನನಗೆ ಹೇಳಿಲ್ಲ, ಪಟ್ಟಿಯಲ್ಲಿ ಇದೆಯೋ ನೋಡು ಅಂತ ಹೇಳಿದೆ. ಕೊನೆಗೆ ಪಟ್ಟಿ ಕಿತ್ತು, ಅದೇ ಜಾಗಕ್ಕೆ ಪ್ಲೈವುಡ್ ಕೂರಿಸಿದೆವು. ಡೆಕ್ ಈಗಲೂ ಬಾಗುವುದಿಲ್ಲ.

ಈ ಬಿಗಿ ಸುಮ್ನೆ ಕಿರಿಕಿರಿ ಅಂತ ಕೆಲವರಿಗೆ ಅನಿಸುತ್ತದೆ. ನನಗೆ ಹಾಗೆ ಅನಿಸುವುದಿಲ್ಲ. ನಮ್ಮ ಕಡೆ ಅಡಿಕೆಗೆ ರೇಟು ಬಂದ ವರ್ಷ ಹೊಸ ದೋಣಿ, ಬಾರದ ವರ್ಷ ಹಳೆಯದಕ್ಕೇ ಬಣ್ಣ. ಹಲ್‌ಗೆ ಕಾರ್ಬನ್ ಬಿಟ್ಟರೆ ದುಡ್ಡಿದ್ದವನ ದೋಣಿ ಎರಡೇ ವರ್ಷದಲ್ಲಿ ಉಳಿದವರನ್ನು ಹಿಂದೆ ಹಾಕುತ್ತದೆ. ಹೊಸತು ಕಂಡುಹಿಡಿಯುವ ಹುಚ್ಚು ಇದ್ದವರಿಗೆ ಆರ್‌ಜಿ 65 ಇದೆ. 65 ಸೆಂಟಿಮೀಟರ್ ಉದ್ದದ ದೋಣಿ, ಹಾಯಿಯ ವಿಸ್ತೀರ್ಣ 2250 ಚದರ ಸೆಂಟಿಮೀಟರ್ ಮೀರಬಾರದು. ಆ ಚೌಕಟ್ಟಿನೊಳಗೆ ಆಡಲು ಬೇಕಾದಷ್ಟು ಜಾಗ ಇದೆ. ಅಂಗಡಿಯಿಂದ ತಂದ ಹಾಗೆಯೇ ಓಡಿಸುವವರಿಗೆ ಡಿಎಫ್ 65 ಇದೆ. ಅದರ ನಿಯಮ ಐಒಎಂಗಿಂತಲೂ ಬಿಗಿ.

ಪುಸ್ತಕ ಓದುವಾಗ ತಿಳಿದಿರಬೇಕಾದ ಇನ್ನೊಂದು ಸಂಗತಿ ಅಕ್ಷರದ ದಪ್ಪ. ಕ್ಲಾಸ್ ನಿಯಮದಲ್ಲಿ ಕೆಲವು ಪದಗಳು ದಪ್ಪ ಅಕ್ಷರದಲ್ಲಿ, ಕೆಲವು ಓರೆ ಅಕ್ಷರದಲ್ಲಿ ಇರುತ್ತವೆ. ಅದು ಚಂದಕ್ಕೆ ಮಾಡಿದ್ದಲ್ಲ. ದಪ್ಪ ಪದಗಳ ವಿವರ ಸಲಕರಣೆ ನಿಯಮಗಳ ಪುಸ್ತಕದಲ್ಲಿದೆ, ಓರೆ ಪದಗಳದ್ದು ಓಟದ ನಿಯಮಗಳ ಪುಸ್ತಕದಲ್ಲಿ. ಎರಡೂ ವರ್ಲ್ಡ್ ಸೇಲಿಂಗ್ ಹೊರಡಿಸುವ ಪುಸ್ತಕಗಳು. ಹಾಗಾಗಿ ಕ್ಲಾಸ್ ನಿಯಮ ಒಂದನ್ನೇ ಹಿಡಿದು ಕೂತರೆ ಮೂರರಲ್ಲಿ ಒಂದು ಪುಸ್ತಕ ಓದಿದಂತೆ.

ಹಲ್‌ನ ಉದ್ದವನ್ನೇ ತೆಗೆದುಕೊಳ್ಳಿ. ಐಒಎಂನಲ್ಲಿ ಗರಿಷ್ಠ 1000 ಮಿಲ್ಲಿಮೀಟರ್. ಫಿಟ್ಟಿಂಗ್‌ಗಳನ್ನು ಬಿಟ್ಟು, ಹಲ್‌ನ ಹಿಂದಿನ ತುದಿಯಿಂದ ಮುಂದಿನ ತುದಿಗೆ ಅಳೆಯಬೇಕು ಅಂತ ಸಲಕರಣೆ ಪುಸ್ತಕ ಹೇಳುತ್ತದೆ. ನಾನು ಅಳೆಯುವುದು ಸಮತಟ್ಟಾದ ಗ್ರಾನೈಟ್ ಹಲಗೆಯ ಮೇಲೆ. ಎರಡು ಕಡೆ ಮೂಲೆಮಟ್ಟ ನಿಲ್ಲಿಸಿ, ನಡುವೆ ದೋಣಿಯನ್ನು ಕೂರಿಸುವುದು. ಹೋದ ಸಲ ಒಬ್ಬರ ದೋಣಿ 1002 ಬಂತು. ಮೂತಿಯ ರಬ್ಬರ್ ಕಿತ್ತುಹೋಗಿತ್ತಂತೆ. ಅವರೇ ಸಿಲಿಕೋನ್ ಎರಕ ಹೊಯ್ದು ಹೊಸದು ಮಾಡಿಕೊಂಡಿದ್ದರು, ಅದು ಸ್ವಲ್ಪ ಉಬ್ಬಿತ್ತು. “ಅದು ಬರೀ ರಬ್ಬರ್ ಮಾರಾಯ್ರೆ, ಹಲ್ ಅಲ್ಲ. ಫಿಟ್ಟಿಂಗ್ ಅಂತ ಬಿಟ್ಟುಬಿಡಿ” ಅಂದರು. ಬಿಡಲು ಬರುವುದಿಲ್ಲ. ಡಿಕ್ಕಿಯಾದಾಗ ಎದುರಿನ ದೋಣಿ ತೂತಾಗದಿರಲಿ ಅಂತ, ಹಲ್‌ನ ಮುಂದಿನ 10 ಮಿಲ್ಲಿಮೀಟರ್ ಮೆತ್ತಗಿನ ವಸ್ತುವಿನದ್ದೇ ಆಗಿರಬೇಕು ಅನ್ನುವುದು ನಿಯಮ. ಅಂದರೆ ರಬ್ಬರ್ ಕೂಡ ಹಲ್‌ನ ಭಾಗವೇ. ನೀರುಕಾಗದದಲ್ಲಿ ಉಜ್ಜಿ 999ಕ್ಕೆ ತಂದು ಕೊಟ್ಟೆ. ಒಂದು ಮಿಲ್ಲಿ ಕಡಿಮೆಯೇ ಇರಲಿ. ಏಪ್ರಿಲ್ ಬಿಸಿಲಲ್ಲಿ ಕಾರಿನ ಡಿಕ್ಕಿಯೊಳಗೆ ಬಿದ್ದ ರಬ್ಬರ್ ಏನು ಮಾಡುತ್ತದೆ ಅಂತ ಹೇಳಲಾಗದು.

ತೂಕದ ಜಗಳಗಳು ಇದಕ್ಕಿಂತ ಜಾಸ್ತಿ. ಐಒಎಂ ದೋಣಿ ಒಣಗಿದ ಸ್ಥಿತಿಯಲ್ಲಿ 4000 ಗ್ರಾಂಗಿಂತ ಕಡಿಮೆ ಇರಬಾರದು. ಫಿನ್ ಮತ್ತು ಅದರ ತುದಿಯ ಸೀಸದ ಬಲ್ಬ್ ಸೇರಿ 2200ರಿಂದ 2500 ಗ್ರಾಂ ಒಳಗಿರಬೇಕು. ರಡ್ಡರ್ (ಚುಕ್ಕಾಣಿ) ಅದರ ಸರಳು ಸಮೇತ 75 ಗ್ರಾಂ ಮೀರಬಾರದು. ಓದಲು ಇಷ್ಟೇ. ಆದರೆ ಫಿನ್ ಸೇರಿ 2495 ಆಗುವ ಹಾಗೆ ಸೀಸ ಎರಕ ಹೊಯ್ದು, ಪುಟ್ಟಿ ಹಾಕಿ, ಪ್ರೈಮರ್ ಹೊಡೆದು, ಮೇಲೆ ಎರಡು ಕೋಟ್ ಕೆಂಪು ಬಣ್ಣ ಬಳಿದು ತರುತ್ತಾರೆ. ತಕ್ಕಡಿ 2510 ತೋರಿಸುತ್ತದೆ. “ಬಣ್ಣಕ್ಕೂ ತೂಕ ಉಂಟಾ?” ಅಂತ ಕೇಳುತ್ತಾರೆ. ಉಂಟು.

ಒಣಗಿದ ಸ್ಥಿತಿ ಅನ್ನುವುದು ನಮ್ಮೂರಿಗೆ ಹೇಳಿ ಬರೆಸಿದ ಹಾಗಿದೆ. ಆಟ ಮುಗಿಸಿ ಬಂದ ದೋಣಿಯ ಹೊಟ್ಟೆಯಲ್ಲಿ ಅರ್ಧ ಲೋಟ ನೀರು ಇದ್ದೇ ಇರುತ್ತದೆ. ಅದೇ 100 ಗ್ರಾಂ. ಒಳಗೆ ಸ್ಪಂಜು ಹಾಕಿ ಒರೆಸದೆ ನಾನು ತಕ್ಕಡಿಗೆ ಏರಿಸುವುದಿಲ್ಲ. ಎ, ಬಿ, ಸಿ ಅಂತ ಮೂರು ರಿಗ್ (ಹಾಯಿಕಂಬ, ಹಾಯಿಗಳ ಜೋಡಣೆ) ಇರುತ್ತವೆ, ಗಾಳಿ ಏರಿದ ಹಾಗೆ ಸಣ್ಣದನ್ನು ಹಾಕಬೇಕು. ಮೂರನ್ನೂ ಏರಿಸಿ ಒಂದೊಂದು ಸಲ ತೂಗಿ ನೋಡಿ. ಎ ರಿಗ್‌ನಲ್ಲಿ 4005 ಇದ್ದದ್ದು ಸಿ ಹಾಕಿದಾಗ 4000ಕ್ಕಿಂತ ಕೆಳಗೆ ಹೋಗಿರುತ್ತದೆ, ಸಣ್ಣ ಹಾಯಿ ಹಗುರ ಅಲ್ವಾ. ಮಧ್ಯಾಹ್ನ ಕಡಲ ಗಾಳಿ ಏರಿದ ಮೇಲೆ ಕೆರೆ ಬದಿಯಲ್ಲಿ ಇದು ನೆನಪಾದರೆ ಏನೂ ಮಾಡಲಾಗದು.

ದೋಣಿ ನೀರಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವ ಲೆಕ್ಕ ಸ್ವಲ್ಪ ಮಜಾ. ನೀರಿನ ಮಟ್ಟದಿಂದ ಕೆಳಗೆ ಬಲ್ಬ್‌ನ ಅಡಿಯ ತನಕ 370ರಿಂದ 420 ಮಿಲ್ಲಿಮೀಟರ್ ಇರಬೇಕು. ಎಲ್ಲರೂ 420ಕ್ಕೇ ತಾಗಿಸುತ್ತಾರೆ. ಸೀಸ ಕೆಳಗಿದ್ದಷ್ಟು ದೋಣಿ ಗಾಳಿಗೆ ವಾಲುವುದು ಕಡಿಮೆ. ಈಗ ಯೋಚಿಸಿ. ನಾಲ್ಕು ಕಿಲೋ ದೋಣಿ ತೇಲಬೇಕಾದರೆ ಸಿಹಿನೀರಿನಲ್ಲಿ 4000 ಸಿಸಿ ನೀರನ್ನು ಸರಿಸಬೇಕು. ಕಡಲ ನೀರು ನೂರಕ್ಕೆ ಎರಡೂವರೆಯಷ್ಟು ಭಾರ, ಅಲ್ಲಿ ಸುಮಾರು 3900 ಸಿಸಿ ಸಾಕು. ಈ 100 ಸಿಸಿ ವ್ಯತ್ಯಾಸ ನೀರಿನ ಮಟ್ಟದಲ್ಲಿ ಹಲ್‌ನ ಅಗಲಕ್ಕೆ ಹರಡಿದಾಗ ಹೆಚ್ಚುಕಡಿಮೆ ಒಂದು ಮಿಲ್ಲಿಮೀಟರ್. ಅಷ್ಟರಮಟ್ಟಿಗೆ ದೋಣಿ ಮೇಲೆ ನಿಲ್ಲುತ್ತದೆ. ಅಂದರೆ ಗುಡ್ಡ ಕೊರೆದ ಸುರಂಗದ ಸಿಹಿನೀರು ತುಂಬಿದ ತೋಟದ ಕೆರೆಯಲ್ಲಿ 420.5 ಬಂದು ಫೇಲಾದ ದೋಣಿ, ಉಬ್ಬರದ ಹೊತ್ತಿಗೆ ಚಂದ್ರಗಿರಿ ಅಳಿವೆಯಲ್ಲಿ ಇಳಿಸಿದರೆ ಪಾಸು! ಅದಕ್ಕೇ ನಾನು ಅಳೆಯುವುದು ಬಾವಿ ನೀರಿನ ತೊಟ್ಟಿಯಲ್ಲಿ ಮಾತ್ರ. ಅಲ್ಲಿ ಪಾಸಾದದ್ದು ಉಪ್ಪುನೀರಿನಲ್ಲಿ ಮೇಲಿನ ಮಿತಿ ದಾಟುವ ಪ್ರಶ್ನೆ ಇಲ್ಲ.

ಓಟದ ದಿನ ನಿಯಮಕ್ಕಿಂತ ಹೊರಗೆ ಹೋದ ದೋಣಿಯೆಲ್ಲ ಔಟ್ ಅಂತ ತಿಳಿಯಬೇಡಿ. ಇಲ್ಲಿ ಓಟದ ನಿಯಮ ಮೆತ್ತಗಿದೆ. ನಮ್ಮ ಕೆರೆಗಳಿಗೆ ಮುರಕಲ್ಲಿನ ಮೆಟ್ಟಿಲು. ಒಬ್ಬರ ಬಲ್ಬ್ ದಡಕ್ಕೆ ಬರುವಾಗ ಮೆಟ್ಟಿಲಿಗೆ ಉಜ್ಜಿತು, ಸೀಸ ಸಿಪ್ಪೆ ಎದ್ದಿತು. ಆಟದ ನಂತರ ತೂಗಿದರೆ 3994. ಎದುರಾಳಿ ತಕ್ಷಣ ಪ್ರೊಟೆಸ್ಟ್, ಅಂದರೆ ದೂರು ಕೊಟ್ಟರು. ಇಂಥ ಕಡೆ ದೂರು ಕೇಳುವ ಸಮಿತಿ ಎರಡು ಪ್ರಶ್ನೆ ಕೇಳಬೇಕು. ಈ ವ್ಯತ್ಯಾಸ ಪೆಟ್ಟಿನಿಂದ ಅಥವಾ ಮಾಮೂಲಿ ಸವೆತದಿಂದ ಬಂದದ್ದೋ? ಇದರಿಂದ ದೋಣಿಗೆ ಲಾಭ ಆಗಿದೆಯೋ? ಪೆಟ್ಟು ಕಣ್ಣಿಗೆ ಕಾಣುತ್ತಿತ್ತು. ಹೋದದ್ದು ಬಲ್ಬ್‌ನ ಅಡಿಯ ಸೀಸ, ಅಂದರೆ ಅತ್ಯಂತ ಉಪಯೋಗದ ಜಾಗದ ತೂಕ. ಆ ದಿನದ ಗಾಳಿಗೆ ಅದು ನಷ್ಟವೇ. ಶಿಕ್ಷೆ ಇಲ್ಲ. ಆದರೆ ಸರಿಪಡಿಸದೆ ಮುಂದಿನ ಓಟಕ್ಕೆ ಇಳಿಯುವ ಹಾಗೂ ಇಲ್ಲ. ತೂಕದ ತುಂಡು ಅಂಟಿಸಿ 4000 ದಾಟಿಸಿದ ಮೇಲೆಯೇ ನೀರಿಗೆ. ಹಾಗಂತ ಬಣ್ಣ ಬಳಿದು 2510 ಆದ ಬಲ್ಬ್‌ಗೆ ಈ ರಿಯಾಯಿತಿ ಕೇಳಬೇಡಿ. ಅದು ಪೆಟ್ಟೂ ಅಲ್ಲ, ಸವೆತವೂ ಅಲ್ಲ.

ಕ್ಲಾಸ್ ನಿಯಮ ಬೇರೆ, ಓಟದ ನಿಯಮ ಬೇರೆ ಅನ್ನುವುದನ್ನೂ ಕಲಸುಮೇಲೋಗರ ಮಾಡುತ್ತಾರೆ. ರೇಡಿಯೋ ದೋಣಿಗಳಿಗೆ ಓಟದ ಪುಸ್ತಕದಲ್ಲಿ ‘ಇ’ ಅನ್ನುವ ಅನುಬಂಧ ಇದೆ, ಈಗ ನಡೆಯುತ್ತಿರುವುದು 2025ರಿಂದ 2028ರ ಆವೃತ್ತಿ. ತಿರುವಿನ ಗುರುತಿಗೆ ತೇಲಿಬಿಟ್ಟ ಬುರುಡೆಯ ಸುತ್ತಲಿನ ವಲಯ ದೊಡ್ಡ ದೋಣಿಗಳಿಗೆ ಮೂರು ಹಲ್ ಉದ್ದ, ನಮಗೆ ನಾಲ್ಕು. ದಡದಲ್ಲಿ ನಿಂತು ನೋಡುವವನಿಗೆ ದೂರದ ಅಂದಾಜು ಸಿಗುವುದು ಕಷ್ಟ, ನಾಲ್ಕಾದರೆ ಸ್ವಲ್ಪ ಸಮಯ ಸಿಗುತ್ತದೆ. ಇಂಥದ್ದನ್ನೆಲ್ಲ ಕ್ಲಾಸ್ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಇನ್ನು ಓಟ ನಡೆಸುವವರಿಗೆ ಒಂದು ಮಾತು. “ಇವತ್ತು ಎಲ್ಲರೂ ನಮ್ಮವರೇ, 3900 ಆದರೂ ಬಿಡುವ” ಅಂತ ಬೆಳಿಗ್ಗೆ ದಡದಲ್ಲಿ ತೀರ್ಮಾನ ಮಾಡಿ, ಅದನ್ನು ಐಒಎಂ ಓಟ ಅಂತ ಕರೆಯಬಾರದು. ಕ್ಲಾಸ್ ನಿಯಮವೇ ಅವಕಾಶ ಕೊಟ್ಟಿರಬೇಕು, ಇಲ್ಲವೇ ಕ್ಲಾಸಿನ ಸಂಘ ಲಿಖಿತವಾಗಿ ಒಪ್ಪಿರಬೇಕು. ಅದಿಲ್ಲದೆ ಓಟದ ಸೂಚನೆಯಲ್ಲಿ ಕ್ಲಾಸ್ ನಿಯಮ ಬದಲಿಸಲು ಬರುವುದಿಲ್ಲ. ಕೆರೆಯ ಹೆಸರಲ್ಲಿ ನಿಮ್ಮದೇ ಓಟ ಮಾಡಿ, ನಿಮ್ಮದೇ ನಿಯಮ ಹಾಕಿ, ನನ್ನದೇನೂ ತಕರಾರಿಲ್ಲ. ನಾನೇ ಬಂದು ಓಡಿಸುತ್ತೇನೆ.

ನಿಜವಾಗಿಯೂ ಎರಡು ಅರ್ಥ ಬರುವ ನಿಯಮಗಳೂ ಇವೆ. ಆಗ ಅರ್ಥ ಹೇಳುವವರು ಯಾರು? ನಾನಲ್ಲ, ನಿಮ್ಮ ಕೆರೆಯ ಹಿರಿಯರೂ ಅಲ್ಲ. ಪ್ರೊಟೆಸ್ಟ್ ಸಮಿತಿಗೇ ಸಂಶಯ ಬಂದರೆ, ನಡೆದ ಸಂಗತಿಯ ಜೊತೆ ಪ್ರಶ್ನೆಯನ್ನು ಆ ನಿಯಮ ವಿವರಿಸುವ ಅಧಿಕಾರ ಇರುವವರಿಗೆ ಕಳಿಸಬೇಕು, ಬಂದ ಉತ್ತರಕ್ಕೆ ಸಮಿತಿ ಬದ್ಧ. ಐಒಎಂ, ಮಾರ್ಬಲ್‌ಹೆಡ್‌ನಂಥ ಅಂತರರಾಷ್ಟ್ರೀಯ ಕ್ಲಾಸ್‌ಗಳ ನಿಯಮ ಅಂತರರಾಷ್ಟ್ರೀಯ ರೇಡಿಯೋ ಸೇಲಿಂಗ್ ಸಂಘದ ಕೈಯಲ್ಲಿದೆ. ನಿಮ್ಮ ಪ್ರಶ್ನೆಯನ್ನು ಬೇರೆ ಯಾರೋ ಆಗಲೇ ಕೇಳಿ ಉತ್ತರ ಬಂದಿರಬಹುದು, ಮೊದಲು ಅದನ್ನು ಹುಡುಕಿ.

ಕೇಳುವುದಾದರೆ ‘ಇದು ಸರಿಯಾ?’ ಅಂತ ಬರೆದು ಕಳಿಸಬೇಡಿ. ಯಾವ ನಿಯಮ, ಅದರ ಸಂಖ್ಯೆ ಏನು, ನಿಮ್ಮ ದೋಣಿಯಲ್ಲಿ ಯಾವ ಭಾಗ, ಅದರ ಅಳತೆ ಎಷ್ಟು ಅಂತ ಬರೆದು ಒಂದು ಚಿತ್ರ ಹಾಕಿ. ನಿಮಗೆ ತೋಚಿದ ಎರಡೂ ಅರ್ಥಗಳನ್ನು ಬರೆಯಿರಿ, ನಿಮಗೆ ಬೇಕಾದ ಒಂದನ್ನೇ ಅಲ್ಲ. ಇದನ್ನು ಮಳೆಗಾಲದಲ್ಲೇ, ದೋಣಿ ಅಟ್ಟದಲ್ಲಿ ಇರುವಾಗಲೇ ಮಾಡಿ. ಪ್ರಶ್ನೆ ರಡ್ಡರ್ ಬಗ್ಗೆ ಆದರೆ, ಉತ್ತರ ಬರುವ ತನಕ ಹಳೆಯ ರಡ್ಡರ್‌ನಲ್ಲೇ ಓಡಿಸಿ. ಹೊಸದರ ಅಚ್ಚಿಗೆ ರಾಳ ಸುರಿಯಬೇಡಿ.