ಒಂದು ಗೀಟಿನಿಂದ ಗಂಡಸಾದ ಯೂನ್ಯ

ಆದಿ ಕ್ರೈಸ್ತ ಸಭೆ ಎಂದಕೂಡಲೇ ಜನರ ತಲೆಯಲ್ಲಿ ಎರಡು ಸಿದ್ಧ ಚಿತ್ರಗಳು. ಒಂದರ ತುಂಬ ಗಡ್ಡದ ಗಂಡಸರು. ಇನ್ನೊಂದರಲ್ಲಿ ಆಳು-ಒಡೆಯ, ಹೆಣ್ಣು-ಗಂಡು ಎಲ್ಲ ಸರಿಸಮ. ಎರಡನ್ನೂ ಪಕ್ಕಕ್ಕಿಟ್ಟು ಒಂದು ಹೆಸರುಪಟ್ಟಿ ನೋಡಿ. ಕ್ರಿ.ಶ. 57ರ ಸುಮಾರಿಗೆ ಕ್ರೈಸ್ತ ಪ್ರಚಾರಕ ಪೌಲ ಗ್ರೀಸಿನ ಕೊರಿಂಥದಿಂದ ರೋಮಿನವರಿಗೆ ಬರೆಸಿದ ಪತ್ರದ 16ನೇ ಅಧ್ಯಾಯ ಅದು. ಬಹುಪಾಲು 'ಇಂಥವರಿಗೆ ವಂದನೆ ಹೇಳಿ' ಎಂಬ ಸಾಲುಗಳೇ. ಓದುವವರು ಹಾರಿಸಿಬಿಡುವ ಪುಟ.

ವಂದನೆ ಹೋಗಿರುವುದು 26 ಮಂದಿಗೆ, ಅವರಲ್ಲಿ 9 ಹೆಂಗಸರು. 'ಬೆವರು ಸುರಿಸಿ ದುಡಿದರು' ಎಂಬರ್ಥದ ಕ್ರಿಯಾಪದ ಪಟ್ಟಿಯಲ್ಲಿ ನಾಲ್ವರಿಗೆ ಮಾತ್ರ ಸಿಕ್ಕಿದೆ: ಮರಿಯ, ತ್ರುಫೈನ, ತ್ರುಫೋಸ, ಪೆರ್ಸೀಸ. ನಾಲ್ವರೂ ಹೆಂಗಸರೇ. ಪೆರ್ಸೀಸ ಎಂದರೆ 'ಪರ್ಷಿಯಾದವಳು', ಗುಲಾಮರಿಗೆ ಇಡುತ್ತಿದ್ದಂಥ ಹೆಸರು. ಹೆರ್ಮೆಯೂ ಹಾಗೆಯೇ. ಪತ್ರ ಬರೆದುಕೊಂಡ ತೆರ್ತ್ಯನ ಹೆಸರಿಗೆ 'ಮೂರನೆಯವ' ಎಂದರ್ಥ, ಕೊನೆಗೆ ಬರುವ ಕ್ವರ್ತ 'ನಾಲ್ಕನೆಯವ'. ನಾರ್ಕಿಸ್ಸನಿಗೆ ವಂದನೆ ಇಲ್ಲ, ಅವನ ಮನೆಯ ಜನರಿಗೆ ಇದೆ. ಹೆಸರು ಜಾತಿ ಪ್ರಮಾಣಪತ್ರವಲ್ಲ, ನಿಜ. ಸ್ವತಂತ್ರರಿಗೂ ಇಂಥ ಹೆಸರುಗಳಿದ್ದವು. ಆದರೆ ಇಷ್ಟೊಂದು ಒಂದೇ ಕಡೆ ಗುಂಪುಗೂಡಿದರೆ, ಅವರಲ್ಲಿ ಹಲವರು ಗುಲಾಮ ಮೂಲದವರು ಎಂಬುದಕ್ಕೆ ಅದೊಂದು ಸುಳಿವು.

ಏಳನೇ ವಚನದಲ್ಲಿ ಅಂದ್ರೋನಿಕನ ಜೊತೆ ಯೂನ್ಯ ಬರುತ್ತದೆ: ಇಬ್ಬರೂ ಸೆರೆ ಕಂಡವರು, 'ಅಪೊಸ್ತಲರಲ್ಲಿ (ಕ್ರಿಸ್ತನ ಸಂದೇಶ ಸಾರಲು ನೇಮಕಗೊಂಡ ಪ್ರಮುಖರಲ್ಲಿ) ಪ್ರಸಿದ್ಧರು'. ಗ್ರೀಕ್ ಪಠ್ಯದಲ್ಲಿ ಹೆಸರು ದ್ವಿತೀಯಾ ವಿಭಕ್ತಿಯಲ್ಲಿದೆ: ಯೂನಿಯಾನ್. ಹೆಣ್ಣು 'ಯೂನಿಯಾ' ಆದರೂ ಗಂಡು 'ಯೂನಿಯಾಸ್' ಆದರೂ ಈ ವಿಭಕ್ತಿಯಲ್ಲಿ ಅಕ್ಷರಗಳು ಒಂದೇ. ಬೇರೆ ಮಾಡುವುದು ಸ್ವರದ ಗೀಟು, ಅಂದರೆ ಪದದಲ್ಲಿ ಒತ್ತು ಎಲ್ಲಿ ಎಂದು ತೋರಿಸಲು ಅಕ್ಷರದ ಮೇಲೆ ಹಾಕುವ ಗುರುತು. ಅದು 'ನಿ' ಮೇಲೆ ಬಿದ್ದರೆ ಹೆಣ್ಣು; ಕೊನೆಯ 'ಆ' ಮೇಲೆ ಡೊಂಕು ಗೀಟು ಬಿದ್ದರೆ ಗಂಡು. ಮೊದಲ ಶತಮಾನಗಳ ಪ್ರತಿಗಳಲ್ಲಿ ಬರೀ ದೊಡ್ಡಕ್ಷರ, ಪದಗಳ ನಡುವೆ ಜಾಗವಿಲ್ಲ, ಗೀಟಂತೂ ಇಲ್ಲವೇ ಇಲ್ಲ. ನಮ್ಮ ಹಳೆಯ ತಾಳೆಗರಿಗಳಲ್ಲಿ 'ಬೆಳೆ'ಗೂ 'ಬೇಳೆ'ಗೂ ಒಂದೇ ಬರಹವಿದ್ದಂತೆ. ಹೊಲದ ಮಾತೋ ಅಡುಗೆಮನೆಯ ಮಾತೋ ಎಂದು ನೋಡಿಯೇ ಓದಬೇಕು. ಊರಿನ ಮತದಾರರ ಪಟ್ಟಿಯಲ್ಲಿ ಲಿಂಗದ ಕಾಲಮ್ಮು ಅಳಿಸಿಹೋದಂತೆ ಅಂದುಕೊಳ್ಳಿ. ಆಗ ಏನು ಮಾಡುತ್ತೀರಿ? ಆ ಹೆಸರು ಊರಲ್ಲಿ ಯಾರ್‍ಯಾರಿಗಿದೆ ಎಂದು ಎಣಿಸುತ್ತೀರಿ.

ಹಾಗೆ ಎಣಿಸಿದ್ದಾರೆ. ರೋಮ್ ನಗರದ ಶಾಸನಗಳಲ್ಲಿ ಯೂನಿಯಾ ಎಂಬ ಹೆಂಗಸರು 250ಕ್ಕೂ ಹೆಚ್ಚು; ಯೂನಿಯಾಸ್ ಎಂಬ ಗಂಡಸು ಒಬ್ಬನೂ ಇಲ್ಲ. ಕಾರಣ ಸರಳ. ಯೂನಿಯುಸ್ ಮನೆತನದ ಹೆಣ್ಣುಮಕ್ಕಳೆಲ್ಲ ಯೂನಿಯಾ, ಆ ಮನೆ ಬಿಡುಗಡೆ ಮಾಡಿದ ದಾಸಿಯರೂ ಯೂನಿಯಾ. 'ಯೂನಿಯಾನುಸ್ ಎಂಬುದರ ಮೊಟಕು ರೂಪ ಯೂನಿಯಾಸ್' ಎನ್ನುವವರ ಬಳಿ ಒಂದೂ ಉದಾಹರಣೆಯಿಲ್ಲ. ಗ್ರೀಕ್ ಮಾತೃಭಾಷೆಯ ಕ್ರೈಸ್ತ ಬೋಧಕ ಕ್ರಿಸೊಸ್ತೊಮ್ ನಾಲ್ಕನೇ ಶತಮಾನದಲ್ಲಿ ಈಕೆಯನ್ನು ಹೆಂಗಸೆಂದೇ ಹೊಗಳಿದ. ಮುಂದೆ ಗೀಟು ಹಾಕುವ ರೂಢಿ ಬಂದಾಗ ನಕಲುಗಾರರೂ ಹೆಣ್ಣಿನ ಗೀಟನ್ನೇ ಹಾಕಿದರು. ಯುರೋಪಿನಲ್ಲಿ 13ನೇ ಶತಮಾನದಿಂದೀಚೆಗೆ ಗಂಡಸೆಂಬ ಓದು ಬಲವಾಯಿತು. 16ನೇ ಶತಮಾನದ ಸುಧಾರಕ ಲೂಥರನ ಜರ್ಮನ್ ಅನುವಾದದಲ್ಲೂ ಗಂಡಸೇ. ವಿದ್ವಾಂಸರು ಬಳಸುವ ನೆಸ್ಲೆ ಗ್ರೀಕ್ ಆವೃತ್ತಿ 1927ರಲ್ಲಿ ಡೊಂಕು ಗೀಟು ಹಾಕಿತು, 1998ರಲ್ಲಿ ತೆಗೆಯಿತು. ಹೆಣ್ಣೆಂದು ಖಚಿತವಾದಮೇಲೆ ಜಗಳ ಗೀಟಿನಿಂದ ಮುಂದಿನ ಪದಗಳ ಅರ್ಥಕ್ಕೆ ಜಿಗಿಯಿತು: 'ಅಪೊಸ್ತಲರಲ್ಲಿ ಪ್ರಸಿದ್ಧರು' ಅಲ್ಲ, 'ಅಪೊಸ್ತಲರಿಗೆ ಗೊತ್ತಿದ್ದವರು' ಎನ್ನುವ ವಾದ. ಗಂಡಸಾಗಿದ್ದಾಗ ಈ ಅನುಮಾನ ಇಷ್ಟು ಜೋರಾಗಿರಲಿಲ್ಲ ಎಂಬುದೇ ತಮಾಷೆ.

ಹಾಗಂತ ಎಲ್ಲ ಸರಿಸಮ ಎನ್ನುವ ಎರಡನೇ ಚಿತ್ರಕ್ಕೂ ಚಪ್ಪಾಳೆ ಬೇಡ. ಗುಲಾಮ ಒನೇಸಿಮನನ್ನು ಪೌಲ ಒಡೆಯನ ಬಳಿಗೇ ಕಳಿಸಿದ. 'ಹೆಂಗಸು ಉಪದೇಶ ಮಾಡಕೂಡದು' ಎನ್ನುವ, ತಿಮೊಥೆಯನಿಗೆ ಬರೆದ ಪತ್ರವೂ ಅದೇ ಬೈಬಲಿನಲ್ಲಿದೆ. ಕ್ರಿ.ಶ. 112ರ ಸುಮಾರಿಗೆ ರೋಮನ್ ಗವರ್ನರ್ ಪ್ಲಿನಿ ಚಕ್ರವರ್ತಿಗೆ ಬರೆದ ವರದಿ ನೋಡಿ: ಕ್ರೈಸ್ತರ ಗುಟ್ಟು ತಿಳಿಯಲು ಅವನು ಚಿತ್ರಹಿಂಸೆ ಕೊಡಿಸಿದ್ದು ಇಬ್ಬರು ದಾಸಿಯರಿಗೆ. ಸಭೆಯಲ್ಲಿ ಅವರು 'ಸೇವಕಿಯರು' ಎಂಬ ಹುದ್ದೆಯವರು. ರೋಮಿನ ಕಾನೂನಿಗೆ ಹೊಡೆದು ಬಾಯಿಬಿಡಿಸಬಹುದಾದ ಆಸ್ತಿ.

ಗ್ರೀಕಿನಲ್ಲಾದರೆ ಗೀಟು ಬಿಟ್ಟು ನುಣುಚಿಕೊಳ್ಳಬಹುದು. ಕನ್ನಡಕ್ಕೆ ತರುವವರಿಗೆ ಆ ಸೌಕರ್ಯವಿಲ್ಲ: 'ಯೂನ್ಯನಿಗೂ' ಅಥವಾ 'ಯೂನ್ಯಳಿಗೂ', ಒಂದನ್ನು ಬರೆಯಲೇಬೇಕು.