ಮೂವತ್ತೈದರ ಗೆರೆ

ರಕ್ತಪರೀಕ್ಷೆಯ ವರದಿ ಈಗ ವೈದ್ಯರಿಗಿಂತ ಮೊದಲೇ ಮೊಬೈಲಿಗೆ ಬಂದುಬಿಡುತ್ತದೆ. ಅಂಡಾಶಯದ ಕ್ಯಾನ್ಸರಿನ ಸುಳಿವಿಗಾಗಿ ನೋಡುವ ಸಿಎ-125 ಎಂಬ ಪರೀಕ್ಷೆಯ ಹೆಸರು, ಅದರ ಎದುರು ದಪ್ಪಕ್ಷರದಲ್ಲಿ 68, ಪಕ್ಕದಲ್ಲೊಂದು ಮೇಲ್ಮುಖ ಬಾಣ, ಕೊನೆಯ ಅಂಕಣದಲ್ಲಿ ‘35ಕ್ಕಿಂತ ಕಡಿಮೆ ಇರಬೇಕು’ ಎಂಬ ಸಣ್ಣಕ್ಷರದ ಸಾಲು. ಶಸ್ತ್ರಚಿಕಿತ್ಸೆಗೆ ಇನ್ನೂ ಹತ್ತು ದಿನ. ಅಂಡಾಶಯದ ಸಿಸ್ಟ್ (ದ್ರವ ತುಂಬಿದ ಚೀಲದಂಥ ಗಡ್ಡೆ) ತೆಗೆಸಿಕೊಂಡು ಬಂದರಾಯಿತು ಎಂದು ನಿರಾಳವಾಗಿದ್ದವಳಿಗೆ ಆ ರಾತ್ರಿ ನಿದ್ದೆಯಿಲ್ಲ.

ಗಾಬರಿಯಲ್ಲಿ ಕೆಲವರು ಹೆಸರಿನೊಳಗಿನ 125ನ್ನೇ ತಮ್ಮ ಮಟ್ಟವೆಂದು ಓದಿಕೊಂಡು ಬೆವರುವುದೂ ಉಂಟು. ಆ 125 ಬರೀ ಕ್ರಮಸಂಖ್ಯೆ. ಅಮೆರಿಕದ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು ಅಂಡಾಶಯದ ಕ್ಯಾನ್ಸರ್ ಕೋಶಗಳನ್ನು ಗುರುತುಹಿಡಿಯಬಲ್ಲ ಪ್ರತಿಕಾಯಕ್ಕಾಗಿ ಒಂದಾದ ಮೇಲೊಂದನ್ನು ಪರೀಕ್ಷಿಸುತ್ತ ಹೋದಾಗ ಕೈಗೂಡಿದ್ದು 125ನೆಯದು. ಅದರ ವಿವರವನ್ನು ಅವರು 1981ರಲ್ಲಿ ಪ್ರಕಟಿಸಿದರು.

35ರ ಗೆರೆ ಬಿದ್ದದ್ದು 1983ರಲ್ಲಿ. ಅದೇ ತಂಡ 888 ಮಂದಿ ಆರೋಗ್ಯವಂತರ ರಕ್ತವನ್ನು ಪರೀಕ್ಷಿಸಿದಾಗ 35 ಯೂನಿಟ್ ದಾಟಿದವರು ಶೇ 1ರಷ್ಟು ಮಾತ್ರ. ಅಂಡಾಶಯದ ಕ್ಯಾನ್ಸರ್ ಇದೆಯೆಂದು ಆಗಲೇ ಖಚಿತವಾಗಿದ್ದ 101 ಮಹಿಳೆಯರಲ್ಲಿ 83 ಮಂದಿ ದಾಟಿದ್ದರು. ಚಿಕಿತ್ಸೆ ಫಲಿಸಿದಾಗ ಮಟ್ಟ ಇಳಿಯುತ್ತಿತ್ತು, ರೋಗ ಮರುಕಳಿಸಿದಾಗ ಏರುತ್ತಿತ್ತು. ಕ್ಯಾನ್ಸರ್ ಇರುವವರ ಬೆನ್ನುಹತ್ತಿ ಹೋಗಲು ಇದಕ್ಕಿಂತ ಒಳ್ಳೆಯ ಸಾಧನ ಆಗ ಇರಲಿಲ್ಲ. ತೊಂದರೆ ಶುರುವಾಗುವುದು ಅದೇ ಗೆರೆಯನ್ನು ಈ ಎರಡೂ ಗುಂಪಿಗೆ ಸೇರದವಳ ಮೇಲೆ ಎಳೆದಾಗ. ಸಿಸ್ಟ್ ಇರುವವಳು ಪೂರ್ತಿ ಆರೋಗ್ಯವಂತಳೂ ಅಲ್ಲ, ಕ್ಯಾನ್ಸರ್ ಖಚಿತವಾದವಳೂ ಅಲ್ಲ.

ಅಷ್ಟಕ್ಕೂ ಆ ಪರೀಕ್ಷೆ ಅಳೆಯುವುದು ಏನನ್ನು? ಮ್ಯೂಸಿನ್-16 ಎಂಬ ದೈತ್ಯ ಪ್ರೋಟೀನಿನ ತುಣುಕುಗಳನ್ನು. ಸಕ್ಕರೆಯ ಸರಗಳನ್ನು ಮೈತುಂಬ ಹೊತ್ತು ಕೋಶದ ಮೇಲೆ ಕುಂಚದಂತೆ ಸೆಟೆದು ನಿಲ್ಲುವ ಈ ಪ್ರೋಟೀನು ಒದ್ದೆಯಾಗಿರಬೇಕಾದ ಜಾಗಗಳನ್ನು ಕಾಯುತ್ತದೆ. ಕಣ್ಣಿನ ಮೇಲ್ಮೈ, ಶ್ವಾಸನಾಳ, ಗರ್ಭಕೋಶದ ಒಳಪದರ, ಹೊಟ್ಟೆಯೊಳಗಿನ ಅಂಗಗಳನ್ನು ಹೊದ್ದಿರುವ ಉದರಪೊರೆ, ಶ್ವಾಸಕೋಶ ಮತ್ತು ಹೃದಯದ ಸುತ್ತಲಿನ ಪೊರೆಗಳು, ಎಲ್ಲೆಡೆ ಅದರ ಇರವು ಇದೆ. ಅಂಗಾಂಶಕ್ಕೆ ಕಿರಿಕಿರಿಯಾದಾಗ, ಉರಿಯೂತ ಹತ್ತಿದಾಗ ಈ ಕುಂಚಗಳು ಹೆಚ್ಚಾಗಿ ಕತ್ತರಿಸಿಕೊಂಡು ಉದುರಿ ರಕ್ತಕ್ಕೆ ಸೇರುತ್ತವೆ. ಕ್ಯಾನ್ಸರ್ ಕೋಶಗಳೂ ಉದುರಿಸುತ್ತವೆ. ಬಿದ್ದ ತುಣುಕಿನ ಮೇಲೆ ಯಾರ ಮನೆಯದೆಂಬ ವಿಳಾಸವಿರುವುದಿಲ್ಲ.

ಹಾಗಾಗಿ ಮಟ್ಟ ಏರುವ ಕಾರಣಗಳ ಸಾಲು ಉದ್ದವಾಗಿದೆ. ಮುಟ್ಟಿನ ದಿನಗಳಲ್ಲಿ ಏರುತ್ತದೆ. ಗರ್ಭಧಾರಣೆಯ ಮೊದಲ ತಿಂಗಳುಗಳಲ್ಲಿ ಏರುತ್ತದೆ. ಫೈಬ್ರಾಯ್ಡ್ ಎಂಬ ಗರ್ಭಕೋಶದ ನಿರಪಾಯದ ಗಡ್ಡೆ, ಕಿಬ್ಬೊಟ್ಟೆಯ ಸೋಂಕು, ಉದರಪೊರೆಯ ಕ್ಷಯ, ಯಕೃತ್ತಿನ ಸಿರೋಸಿಸ್, ಹೃದಯ ವೈಫಲ್ಯ ಇವೆಲ್ಲವುಗಳಲ್ಲೂ ಏರುತ್ತದೆ. ಇವುಗಳಲ್ಲಿ ಹೆಚ್ಚು ಮೋಸ ಮಾಡುವುದು ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನೇ ಹೋಲುವ ಅಂಗಾಂಶ ಹೊರಗೆ ಬೇರೂರಿ, ತಿಂಗಳು ತಿಂಗಳೂ ಅಲ್ಲೇ ರಕ್ತ ಒಸರಿ, ಅಂಡಾಶಯದಲ್ಲಿ ಹಳೆಯ ರಕ್ತದ ಸಿಸ್ಟ್ ಕಟ್ಟುತ್ತದೆ. ಕಂದುಬಣ್ಣದ ಆ ಗಟ್ಟಿ ದ್ರವವನ್ನು ಕಂಡೇ ವೈದ್ಯರು ಅದನ್ನು ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ. ಇಂಥ ಸಿಸ್ಟ್ ಇದ್ದವರಲ್ಲಿ ಮಟ್ಟ ನೂರು ದಾಟುವುದೇನೂ ಅಪರೂಪವಲ್ಲ. ರಕ್ತ ಕೊಟ್ಟ ದಿನ ಮುಟ್ಟಾಗಿತ್ತೇ ಎಂಬ ಪ್ರಶ್ನೆಯನ್ನು ವರದಿಯ ಯಾವ ಅಂಕಣವೂ ಕೇಳುವುದಿಲ್ಲ. ಕೇಳಬೇಕಿತ್ತು ಎಂಬುದು ನನ್ನ ಹಳೆಯ ತಕರಾರು.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಲೆಕ್ಕದ ಅನುಕೂಲಕ್ಕೆ ನಾನು ಇಟ್ಟುಕೊಂಡವು. ಸಿಸ್ಟ್ ಇರುವ 1,000 ಮಹಿಳೆಯರಲ್ಲಿ 10 ಮಂದಿಗೆ ಕ್ಯಾನ್ಸರ್ ಇದೆ, ಅವರಲ್ಲಿ 8 ಮಂದಿಯ ಮಟ್ಟ ಏರಿದೆ ಎಂದುಕೊಳ್ಳಿ. ಉಳಿದ 990 ಮಂದಿಯಲ್ಲಿ ಐವರಲ್ಲಿ ಒಬ್ಬರಿಗೆ ಬೇರೆ ಕಾರಣಕ್ಕೆ ಏರಿದ್ದರೂ ಅವರೇ 198 ಮಂದಿ. ವರದಿ ಹಿಡಿದು ನಡುಗುತ್ತಿರುವ 206 ಮಂದಿಯಲ್ಲಿ ಕ್ಯಾನ್ಸರ್ ಇರುವವರು 8. ವಯಸ್ಸು ಹೆಚ್ಚಿದಂತೆ, ಋತುಬಂಧವಾದ ಮೇಲೆ, ಈ ಲೆಕ್ಕ ಬದಲಾಗುತ್ತದೆ: ಕ್ಯಾನ್ಸರಿನ ಸಾಧ್ಯತೆ ಹೆಚ್ಚುತ್ತದೆ, ಮುಟ್ಟು, ಗರ್ಭ, ಎಂಡೋಮೆಟ್ರಿಯೋಸಿಸ್‌ನಂಥ ನೆಪಗಳು ಹಿಂದೆ ಸರಿಯುತ್ತವೆ. ಮೂವತ್ತರವಳ 68 ಮತ್ತು ಅರವತ್ತೈದರವಳ 68 ಒಂದೇ ಅಂಕಿ, ಆದರೆ ಒಂದೇ ಸುದ್ದಿಯಲ್ಲ.

ಇದನ್ನು ಗುಣಾಕಾರಕ್ಕೆ ಇಳಿಸಿದ ಸೂತ್ರವೊಂದು 1990ರಿಂದ ಬಳಕೆಯಲ್ಲಿದೆ. ಸ್ಕ್ಯಾನಿನಲ್ಲಿ ಅನುಮಾನದ ಐದು ಗುರುತುಗಳನ್ನು ಹುಡುಕುತ್ತಾರೆ: ಸಿಸ್ಟ್‌ನೊಳಗೆ ಹಲವು ಕೋಣೆಗಳು, ಗಟ್ಟಿ ಭಾಗ, ಎರಡೂ ಬದಿಯ ಗಡ್ಡೆ, ಹೊಟ್ಟೆಯಲ್ಲಿ ನೀರು, ಬೇರೆಡೆಗೆ ಹರಡಿದ ಕುರುಹು. ಒಂದೂ ಇಲ್ಲದಿದ್ದರೆ 0, ಒಂದಿದ್ದರೆ 1, ಹೆಚ್ಚಿದ್ದರೆ 3. ಋತುಬಂಧವಾಗಿಲ್ಲದಿದ್ದರೆ 1, ಆಗಿದ್ದರೆ 3. ಇವೆರಡನ್ನೂ ಸಿಎ-125ರಿಂದ ಗುಣಿಸಬೇಕು. 200 ದಾಟಿದರೆ ಜಾಗ್ರತೆ. ಮೂವತ್ತರವಳ ಸ್ಕ್ಯಾನಿನಲ್ಲಿ ಒಂದು ಗುರುತಿದ್ದರೆ 68ಕ್ಕೆ 68. ಅರವತ್ತೈದರವಳಲ್ಲಿ ಎರಡು ಗುರುತಿದ್ದರೆ 612. ಸ್ಕ್ಯಾನ್ ಪೂರ್ತಿ ಶುಭ್ರವಾಗಿದ್ದರೆ ರಕ್ತದ ಅಂಕಿ ಎಷ್ಟೇ ಇರಲಿ, ಉತ್ತರ ಸೊನ್ನೆ. ರಕ್ತಪರೀಕ್ಷೆಗಿಂತ ಸ್ಕ್ಯಾನಿನ ಮಾತಿಗೆ ತೂಕ ಹೆಚ್ಚೆಂಬುದನ್ನು ಇಷ್ಟು ನೇರವಾಗಿ ಹೇಳುವ ಸೂತ್ರ ನನಗಂತೂ ಇಷ್ಟ.

ಹಾಗಾದರೆ ಶಸ್ತ್ರಚಿಕಿತ್ಸೆಗೆ ಮುನ್ನ ಪರೀಕ್ಷೆ ಬರೆಯುವುದೇಕೆ? ಯಾರು ಮಾಡಬೇಕು, ಹೇಗೆ ಮಾಡಬೇಕು ಎಂದು ಗೊತ್ತುಮಾಡಿಕೊಳ್ಳಲು. ಅನುಮಾನ ಹೆಚ್ಚಿದ್ದರೆ ಸ್ತ್ರೀರೋಗ ಕ್ಯಾನ್ಸರ್ ತಜ್ಞರ ಕೈಗೆ ಒಪ್ಪಿಸುತ್ತಾರೆ. ಸಿಸ್ಟ್ ಒಡೆದು ದ್ರವ ಹೊಟ್ಟೆಯಲ್ಲಿ ಚೆಲ್ಲದಂತೆ ಇಡಿಯಾಗಿ ಹೊರತೆಗೆಯುವುದು ಆಗ ಮುಖ್ಯವಾಗುತ್ತದೆ. ಮೊದಲೇ ಸೂಜಿ ಚುಚ್ಚಿ ಪರೀಕ್ಷಿಸಲು ವೈದ್ಯರು ಹಿಂಜರಿಯುವುದೂ ಅದೇ ಭಯಕ್ಕೆ. ಬೇಕಾದರೆ ತೆಗೆದ ತುಣುಕನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಸೀಳಿ, ರೋಗಿ ಮೇಜಿನ ಮೇಲಿರುವಾಗಲೇ ಸೂಕ್ಷ್ಮದರ್ಶಕದಲ್ಲಿ ನೋಡಿ ಮುಂದಿನ ಹೆಜ್ಜೆ ತೀರ್ಮಾನಿಸುತ್ತಾರೆ.

ಅಂಕಿ ಕಡಿಮೆ ಇದ್ದ ಮಾತ್ರಕ್ಕೆ ನಿಶ್ಚಿಂತೆಯೂ ಸಲ್ಲದು. ಮೊದಲ ಹಂತದ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟು 35ರ ಗೆರೆಯೊಳಗೇ ಅಡಗಿರುತ್ತವೆ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರು ಪಾಲ್ಗೊಂಡ ಅಧ್ಯಯನವೊಂದರ 2021ರ ವರದಿಯ ಪ್ರಕಾರ, ಲಕ್ಷಣಗಳಿಲ್ಲದವರನ್ನು ವರ್ಷವರ್ಷವೂ ಹೀಗೆ ತಪಾಸಣೆ ಮಾಡಿದ್ದರಿಂದ ಈ ರೋಗದ ಸಾವುಗಳು ಕಡಿಮೆಯಾಗಲಿಲ್ಲ.

ಜೊತೆಗೆ ಬರೆಯುವ ಸಿಎ 19-9 ಎಂಬ ಇನ್ನೊಂದು ರಕ್ತಪರೀಕ್ಷೆ ಕೂಡ ಇಂಥದ್ದೇ ಗಿರಾಕಿ. ಕೂದಲು, ಕೊಬ್ಬು, ಕೆಲವೊಮ್ಮೆ ಹಲ್ಲು ತುಂಬಿಕೊಂಡಿರುವ ನಿರಪಾಯದ ಡರ್ಮಾಯ್ಡ್ ಸಿಸ್ಟ್‌ನಲ್ಲೂ ಅದು ಏರುತ್ತದೆ.

ಕೊನೆಯ ಮಾತು ರೋಗಶಾಸ್ತ್ರಜ್ಞರ ವರದಿಯದು. ಅದಕ್ಕೆ ಸಾಮಾನ್ಯವಾಗಿ ಕೆಲವು ದಿನ ಕಾಯಬೇಕು. ಆ ನಡುವೆ ತಳಮಳ ತಡೆಯಲಾರದೆ ಮತ್ತೊಮ್ಮೆ ರಕ್ತ ಕೊಟ್ಟು ಬರಬೇಡಿ. ಹೊಟ್ಟೆ ಕೊಯ್ದ ಗಾಯ ಮಾಯುವಾಗಲೂ ಉದರಪೊರೆ ಕುಂಚಗಳನ್ನು ಉದುರಿಸುತ್ತದೆ, ವರದಿಯಲ್ಲಿ ಮತ್ತದೇ ಬಾಣ ಮೇಲ್ಮುಖವಾಗಿ ನಿಂತಿರುತ್ತದೆ.