ಅಮೃತಮಹಲ್ ದನಕ್ಕೆ ಗೋಡೆ ರಾತ್ರಿಗೆ ಮಾತ್ರ

"ಡಾಕ್ಟ್ರೇ, ಒಂದು ಅಮೃತಮಹಲ್ ಹಸು ತಂದು ಮನೆ ಹಿಂದೆ ಕಟ್ಟಬೇಕು ಅಂತ ಆಸೆ." ತಿಂಗಳಿಗೆ ಒಬ್ಬರಾದರೂ ಹೀಗೆ ಫೋನ್ ಮಾಡುತ್ತಾರೆ. ಆಸೆ ಒಳ್ಳೆಯದೇ. ಆದರೆ 'ಕಟ್ಟಬೇಕು' ಅನ್ನುವ ಮಾತಿನಲ್ಲೇ ತೊಂದರೆ ಇದೆ. ಈ ತಳಿ ಗೂಟಕ್ಕೆ ಕಟ್ಟಿಸಿಕೊಂಡು ಬೆಳೆದದ್ದಲ್ಲ. ಕಾವಲಿನಲ್ಲಿ, ಅಂದರೆ ದನ ಮೇಯಲು ಬಿಟ್ಟ ಹುಲ್ಲುಗಾವಲಿನಲ್ಲಿ, ನಡೆದು ನಡೆದು ಬೆಳೆದದ್ದು.

ಇದರ ಮೂಲ ಅರಮನೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಅಂತ ಇತ್ತು. ಅರಮನೆಗೆ ಹಾಲು, ಬೆಣ್ಣೆ ಅಲ್ಲಿಂದ ಹೋಗುತ್ತಿತ್ತು. ಹೈದರಾಲಿ ಇದೇ ದನಗಳ ಎತ್ತುಗಳನ್ನು ಫಿರಂಗಿ ಎಳೆಯಲು ಹಚ್ಚಿದ. ಟಿಪ್ಪು ಅಮೃತಮಹಲ್ ಅಂತ ಹೆಸರು ಬದಲಿಸಿದ. 1799ರ ನಂತರ ಮಂದೆ ಬ್ರಿಟಿಷರ ಪಾಲಾಯಿತು. ಖರ್ಚು ಜಾಸ್ತಿ ಅಂತ 1860ರಲ್ಲಿ ಅವರು ಮಂದೆಯನ್ನೇ ಮಾರಿಬಿಟ್ಟರು. ಆಮೇಲೆ ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದೆ 1866ರಲ್ಲಿ ಮತ್ತೆ ಕೂಡಿಸಿದರು. ಈಗ ಮುಖ್ಯ ತಳಿ ಕೇಂದ್ರ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿದೆ.

ಹಿಂದಿನವರು ಕಾವಲುಗಳನ್ನು ಕಾಲಕ್ಕೆ ತಕ್ಕಂತೆ ವಿಂಗಡಿಸಿದ್ದರು. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು. ಬೇಸಿಗೆ ಕಾವಲಿಗೆ ಬೆಲೆ ಜಾಸ್ತಿ, ಅಲ್ಲಿ ಕೆರೆ ಅಂಗಳ ಮತ್ತು ನೆರಳು ಇರುತ್ತಿತ್ತು. ಮಂದೆ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿತ್ತು. ಬಿಟ್ಟ ಕಾವಲಿನಲ್ಲಿ ಹುಲ್ಲು ಮತ್ತೆ ಚಿಗುರುತ್ತಿತ್ತು. ದನದ ಗಟ್ಟಿ ಗೊರಸು, ಬಿಗಿ ಮೈ, ದಣಿಯದ ನಡಿಗೆ ಎಲ್ಲವೂ ಈ ಓಡಾಟದಿಂದ ಬಂದದ್ದು.

ಗೋಡೆ ಬರುವುದು ಸಂಜೆ. ನಾನು ಲಸಿಕೆ ಹಾಕಲು ಹೋಗುತ್ತಿದ್ದ ಒಂದು ಕಾವಲಿನಲ್ಲಿ ಹಳೆಯ ಕಲ್ಲಿನ ರೊಪ್ಪ, ಅಂದರೆ ರಾತ್ರಿ ದನ ಕೂಡುವ ದೊಡ್ಡಿ, ಇತ್ತು. ಎದೆಯೆತ್ತರದ ಗೋಡೆ, ಗಾರೆ ಇಲ್ಲ, ಮೇಲೆ ಜಾಲಿ ಮುಳ್ಳು. ಎರಡು ಮುಖ ಕಟ್ಟಿ ನಡುವೆ ಚೂರು ಕಲ್ಲು ತುಂಬಿದ್ದರು. ಅಲ್ಲಲ್ಲಿ ಎರಡೂ ಮುಖಕ್ಕೆ ತಾಗುವ ಉದ್ದ ಕಲ್ಲು. ಬುಡ ಅಗಲ, ಮೇಲಕ್ಕೆ ಹೋದಂತೆ ಸಣ್ಣ. ತೋಳ ಒಳಗೆ ನುಗ್ಗದಿರಲಿ ಅಂತ ಅಷ್ಟು ಗಟ್ಟಿ.

ಒಂದು ವರ್ಷ ಅದರ ಕುಸಿದ ಭಾಗವನ್ನು ಸಿಮೆಂಟ್ ಹಾಕಿ ಕಟ್ಟಿದರು. ನೋಡಲು ನೀಟಾಗಿತ್ತು. ಮಳೆ ಬಂದಾಗ ನೀರು ಹೊರಗೆ ಹೋಗಲಿಲ್ಲ. ಸಗಣಿ, ಗಂಜಲ, ಕೆಸರು ಎಲ್ಲ ಒಂದಾಯಿತು. ಆ ಮೂಲೆಯಲ್ಲಿ ಮಲಗುತ್ತಿದ್ದ ಹಸುಗಳ ಗೊರಸಿನ ಸಂದಿ ಕೊಳೆಯಲು ಶುರುವಾಯಿತು. ನಾನು ವಾರಗಟ್ಟಲೆ ಔಷಧಿ ಹಚ್ಚಿದೆ. ಕೊನೆಗೆ ಕಾಯುವ ಯಜಮಾನರೇ ಹಾರೆ ತಂದು ಬುಡದಲ್ಲಿ ನಾಲ್ಕು ಕಡೆ ತೂತು ಮಾಡಿದರು. ಎರಡು ದಿನಕ್ಕೆ ನೆಲ ಒಣಗಿತು. ಹಳೆ ಗೋಡೆಯ ಸಂದಿಗಳು ಸುಮ್ನೆ ಬಿಟ್ಟದ್ದಲ್ಲ ಅಂತ ನನಗೆ ಅವತ್ತು ಅರ್ಥವಾಯಿತು. ನೀರು ಹರಿಯಲು, ಗಾಳಿ ಆಡಲು ಅವು ಬೇಕು.

ಅದೇ ಯಜಮಾನರು ಮೊದಲ ದಿನ ನನ್ನನ್ನು ರೊಪ್ಪದ ಬಾಗಿಲಲ್ಲೇ ತಡೆದಿದ್ದರು. "ಅಲ್ಲೇ ನಿಂತ್ಕಳಿ ಡಾಕ್ಟ್ರೇ, ನಿಮ್ಮ ವಾಸ್ನೆ ಅವಕ್ಕೆ ಹೊಸದು." ಒಳಗಿದ್ದ ಹಸುಗಳು ಕರುಗಳನ್ನು ನಡುವೆ ಹಾಕಿಕೊಂಡು, ಹಿಂದಕ್ಕೆ ಬಾಗಿದ ಉದ್ದ ಕೊಂಬು ಆಡಿಸುತ್ತ ನನ್ನನ್ನೇ ನೋಡುತ್ತಿದ್ದವು. ಅವರು ಬಾಯಲ್ಲಿ ಒಂದು ಸದ್ದು ಮಾಡಿದರು, ಅಷ್ಟೇ. ಕಿವಿಗಳು ಅತ್ತ ತಿರುಗಿದವು. ಈ ದನಕ್ಕೆ ಹಗ್ಗಕ್ಕಿಂತ ಪರಿಚಯದ ದನಿ ದೊಡ್ಡದು.

ಹಾಲಿನ ಲೆಕ್ಕ ಕೇಳುವವರಿಗೆ ನೇರವಾಗಿ ಹೇಳುತ್ತೇನೆ: ಕಡಿಮೆ. ಕರು ಬಿಡದೆ ಹಸು ಹಾಲು ಇಳಿಸುವುದೂ ಇಲ್ಲ. ಇದು ದುಡಿಮೆಯ ತಳಿ.

ನನ್ನ ಕಳವಳ ದನಕ್ಕಿಂತ ಕಾವಲಿನದು. ಒಂದಷ್ಟು ಒತ್ತುವರಿಯಾಯಿತು. ಒಂದಷ್ಟರಲ್ಲಿ ನೀಲಗಿರಿ ನೆಟ್ಟರು. ಬಳ್ಳಾರಿ ಜಾಲಿ ತಾನೇ ನುಗ್ಗಿತು. ಚಳ್ಳಕೆರೆ ಕಡೆ ಸಾವಿರಾರು ಎಕರೆ ಸಂಶೋಧನೆ, ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಕಡೂರು ಬಳಿಯ ಬಾಸೂರು ಕಾವಲು ಸಂರಕ್ಷಣಾ ಮೀಸಲು ಆದದ್ದರಿಂದ ಅಲ್ಲಿ ಕೃಷ್ಣಮೃಗಕ್ಕೂ ಜಾಗ ಉಳಿದಿದೆ. ಖಾಲಿ ಜಾಗ ಅಂತ ಕಾಗದದಲ್ಲಿ ಬರೆಯುವವರು ಮಳೆ ಬಿದ್ದ ಮೇಲೆ ಒಮ್ಮೆ ಅಲ್ಲಿ ನಡೆದು ನೋಡಬೇಕು. ಮೊಣಕಾಲುದ್ದ ಹುಲ್ಲು ಇರುತ್ತದೆ.

ಅಷ್ಟಾದರೂ ಸಾಕುವ ಮನಸ್ಸಿದ್ದರೆ ಅಜ್ಜಂಪುರದಲ್ಲಿ ಹೋರಿಗರುಗಳ ಹರಾಜು ನಡೆಯುತ್ತದೆ, ಹೋಗಿ. ಒಂದನ್ನೇ ತರಬೇಡಿ, ಜೋಡಿ ತನ್ನಿ. ಮೊದಲ ಹದಿನೈದು ದಿನ ಮನೆಯ ಒಬ್ಬರೇ ಹುಲ್ಲು, ನೀರು ಕೊಡಿ. ದಿನಾ ಅದೇ ಹೊತ್ತು, ಅದೇ ದನಿ. ನೋಡಲು ಬಂದ ನೆಂಟರನ್ನು ದೂರ ನಿಲ್ಲಿಸಿ. ಬೆಳಿಗ್ಗೆ, ಸಂಜೆ ಒಂದೊಂದು ಮೈಲಿ ನಡೆಸಿ. ಅಷ್ಟು ಜಾಗ ಇಲ್ಲ ಅಂದರೆ ಫೋನ್‌ನಲ್ಲೇ ಹೇಳಿ, ಮನೆಗೆ ಒಗ್ಗುವ ಬೇರೆ ಹಸು ಹುಡುಕೋಣ.